ಮಾವಿನ ಸುಗ್ಗಿಯ ಪೂಜಾರಿ

ನಾಲ್ಕೈದು ವರ್ಷ ನಾನು ಭಾನುವಾರ ಮಧ್ಯಾಹ್ನಗಳಲ್ಲಿ ಕತ್ತಿ ಹಿಡಿದ ಯೋಧನಾಗಿದ್ದೆ. ಉಳಿದ ದಿನಗಳಲ್ಲಿ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಿಷನ್ನಿನಿಂದ ಇಳಿದು ಬರುವ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಊರು ಕ್ಯಾಲನೂರು. ಅಪ್ಪ ರಾಗಿ, ಟೊಮೆಟೊ ಬೆಳೆಯುತ್ತಾರೆ. ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಭಾನುವಾರ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು, ತಿಂಡಿ ತಿಂದು, ಬೈಕ್ ಹತ್ತಿ ಕೋಲಾರಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದೆ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಎಂ.ಎಸ್ಸಿ ಓದುವಾಗ ಹಾಸ್ಟೆಲಿನ ಗೆಳತಿಯರಿಂದ ಈ ಆಟ ಕಲಿತು ಬಂದವಳು ಅವಳೇ. ಇದರಲ್ಲಿ ಇಸ್ಪೀಟ್ ಎಲೆಯಿಲ್ಲ, ಹಾಸಿಲ್ಲ, ಕಾಯಿ ನಡೆಸುವುದಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. "ಬಾಗಿಲ ಹಿಂದೆ ಏನೋ ಸದ್ದಾಯ್ತು. ಏನ್ ಮಾಡ್ತೀಯ?" ಎಂದು ಅಕ್ಕ ಕೇಳುತ್ತಾಳೆ. ಬಾಗಿಲು ಒದೆಯುತ್ತೇನೆ ಅನ್ನಬಹುದು, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಓಡುತ್ತೇನೆ ಅನ್ನಬಹುದು. ಅಂದದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ತಿಳಿಯಬೇಕು. ದೊಡ್ಡ ಸಂಖ್ಯೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಇಲ್ಲ.

ಕಥೆಯೊಳಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ತಾವು ಯಾರು ಎಂದು ಆರಿಸಿಕೊಳ್ಳಬೇಕು. ಯೋಧ, ಕಳ್ಳ, ಮಂತ್ರವಾದಿ, ಪ್ರಾರ್ಥನೆಯಿಂದ ಗಾಯ ವಾಸಿ ಮಾಡುವ ಪೂಜಾರಿ, ಹೀಗೆ. ಇದಕ್ಕೆ ಇಂಗ್ಲಿಷಿನಲ್ಲಿ ಕ್ಲಾಸ್ ಎನ್ನುತ್ತಾರೆ. ವಾರವಿಡೀ ಕ್ಲಾಸ್ ತೆಗೆದುಕೊಳ್ಳುವ ಅಕ್ಕನಿಗೆ ಭಾನುವಾರವೂ ಆ ಮಾತು ಬೇಡವಾಗಿತ್ತು. ಕಸುಬು ಎಂದಳು. ನಮಗೂ ಅದೇ ರೂಢಿಯಾಯಿತು. ಒಂದು ಸಾಹಸ ಮುಗಿದರೆ ಕಸುಬಿನಲ್ಲಿ ಒಂದು ಮೆಟ್ಟಿಲು ಮೇಲಕ್ಕೆ. ಆಗ ಹಳೆಯ ಕಸುಬಿನಲ್ಲೇ ಮುಂದುವರಿಯಬಹುದು, ಅಥವಾ ಇನ್ನೊಂದು ಕಸುಬನ್ನು ಮೊದಲ ಮೆಟ್ಟಿಲಿನಿಂದ ಶುರು ಮಾಡಬಹುದು. ಎರಡು ಹಿಡಿದವನಿಗೆ ಎರಡೂ ಅಷ್ಟಿಷ್ಟು ಬರುತ್ತವೆ. ಆದರೆ ಕಸುಬಿನ ತುದಿಯಲ್ಲಿ ಸಿಗುವ ದೊಡ್ಡ ವಿದ್ಯೆ ಅಷ್ಟರಮಟ್ಟಿಗೆ ದೂರವಾಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ.

ನಾನು ಒಂದೇ ಕಸುಬಿನವನು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನಾವು ಆಡುತ್ತಿದ್ದದ್ದು ನಾಲ್ಕು ಜನ. ಕಥೆ ನಡೆಸಲು ಅಕ್ಕ. ಕಳ್ಳನಾಗಿ ಅಕ್ಕನ ಗಂಡ, ನನಗೆ ಭಾವ. ಮುಳಬಾಗಿಲಿನ ಒಂದು ಬ್ಯಾಂಕಿನಲ್ಲಿ ಅವರಿಗೆ ಕೆಲಸ. ವಾರದ ಆರು ದಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯ ಏಳನೇ ದಿನ ಯಾರದೋ ಬೀಗ ಮುರಿಯುತ್ತಿದ್ದರು. ನಾಲ್ಕನೆಯವನು ಪಿಯುಸಿಯಲ್ಲಿ ನನ್ನ ಪಕ್ಕ ಕೂತಿದ್ದ ಗೆಳೆಯ. ಶ್ರೀನಿವಾಸಪುರದಲ್ಲಿ ಅವರ ಮನೆತನದ ಮಾವಿನ ಮಂಡಿ ಇದೆ. ಆಳು ದಪ್ಪ, ಗಂಟಲು ಇನ್ನೂ ದಪ್ಪ. ಹರಾಜು ಕೂಗಿ ಕೂಗಿ, ಮನೆಯೊಳಗೆ ನೀರು ಕೇಳಿದರೂ ಬೀದಿಗೆ ಕೇಳುತ್ತಿತ್ತು. ಆಟದಲ್ಲಿ ಮಾತ್ರ ಅವನು ಮೆಲ್ಲಗೆ ಮಾತಾಡುವ, ಯಾರಿಗೂ ಕೈ ಎತ್ತದ ಪೂಜಾರಿ. ಶುರುವಿನಿಂದ ಒಂದೇ ಒಂದು ಏಟನ್ನೂ ಹೊಡೆದವನಲ್ಲ. ನಾವು ಬಿದ್ದಾಗೆಲ್ಲ ಹಿಂದಿನಿಂದ ಬಂದು ಎಬ್ಬಿಸುತ್ತಿದ್ದ. ನಾನು ಯೋಚನೆಯಿಲ್ಲದೆ ಮುಂದೆ ನುಗ್ಗುತ್ತಿದ್ದದ್ದು ಅವನು ಹಿಂದಿದ್ದಾನೆ ಎಂಬ ಧೈರ್ಯದ ಮೇಲೆ.

ಮಾವಿನ ಕಾಲದಲ್ಲಿ ಮಂಡಿಯವನಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಅದಕ್ಕೇ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಆಟ ನಿಲ್ಲಿಸಿ, ತೋತಾಪುರಿಯ ಕೊನೆಯ ಲೋಡು ಹೋದ ಮೇಲೆ ಮತ್ತೆ ಕೂರುತ್ತಿದ್ದೆವು. ಆ ವರ್ಷ ಮಾತ್ರ ಅಕ್ಕ ನಿಲ್ಲಿಸುವುದಿಲ್ಲ ಎಂದಳು. ಗೆಳೆಯ ಆಗಲೇ ಮಂಡಿ ಸೇರಿಯಾಗಿತ್ತು. ಅಡುಗೆಮನೆಯಲ್ಲಿ ನಿಂತು ನನಗೆ ಕಾರಣ ಹೇಳಿದಳು. ಅವಳಿಗೆ ಮೂರು ತಿಂಗಳಾಗಿತ್ತು.

ಹಿಂದೆ ಒಂದು ಸಲ ಗರ್ಭ ನಿಲ್ಲದೆ ಹೋಗಿತ್ತು. ಆಗ ಊರಿಗೆಲ್ಲ ಹೇಳಿ, ಆಮೇಲೆ ಊರೆಲ್ಲ ಬಂದು ಸಮಾಧಾನ ಹೇಳಿ ಹೋಗಿದ್ದು ಅವಳಿಗೆ ಇನ್ನೂ ನೆನಪಿತ್ತು. ಐದು ತಿಂಗಳು ತುಂಬುವವರೆಗೂ ಹೊರಗೆ ಬಾಯಿ ಬಿಡಕೂಡದು ಎಂದು ದೊಡ್ಡಮ್ಮ ಕಟ್ಟಪ್ಪಣೆ ಮಾಡಿದ್ದರು. ಏಳನೇ ತಿಂಗಳಿಗೆ ಸೀಮಂತ ಮಾಡಿ ಮಗಳನ್ನು ಕ್ಯಾಲನೂರಿಗೆ ಕರೆದುಕೊಂಡು ಹೋಗುವುದೂ ನಿಶ್ಚಯವಾಗಿತ್ತು.

"ಆಮೇಲೆ ಮಗು ಅಂದ್ರೆ ಎಷ್ಟು ವರ್ಷ ಆಗುತ್ತೋ ಏನೋ," ಎಂದಳು. "ಕಥೆ ಅರ್ಧಕ್ಕೆ ಬಿಟ್ಟು ಹೋಗಕ್ಕೆ ನಂಗೆ ಮನಸ್ಸಿಲ್ಲ ಕಣೋ. ಜುಲೈ ಒಳಗೆ ಮುಗಿಸ್ತೀನಿ."

"ಅವ್ನಿಗೆ ಏನಂತ ಹೇಳೋದು?"

"ಈಗ್ಲೇ ಏನೂ ಹೇಳ್ಬೇಡ. ಅಮ್ಮ ಬೈತಾಳೆ."

ಕಥೆಯ ಕೊನೆಯ ಭಾಗ ಒಂದು ಬೆಟ್ಟದ ಕೋಟೆಯಲ್ಲಿ ನಡೆಯಬೇಕಿತ್ತು. ನಮ್ಮ ಕಡೆಯ ಬಂಡೆಗಳನ್ನೇ ಅಕ್ಕ ಒಂದರ ಮೇಲೊಂದು ಪೇರಿಸಿ ಆ ಬೆಟ್ಟ ಮಾಡಿದ್ದಳು. ಸತ್ತು ತಲೆಮಾರುಗಳಾದರೂ ಕೋಟೆ ಬಿಟ್ಟು ಹೋಗಲು ಒಪ್ಪದ ಒಬ್ಬ ಪಾಳೇಗಾರ ಅದರ ತುದಿಯಲ್ಲಿ ಕೂತಿದ್ದ. ಅವನನ್ನು ಕಳಿಸಿಕೊಟ್ಟರೆ ಕಥೆ ಮುಗಿಯುತ್ತದೆ. ಗೆಳೆಯನಿಲ್ಲದ ಮೊದಲ ಭಾನುವಾರ ನಾವಿಬ್ಬರು ಕೋಟೆಯ ಮೊದಲ ಬಾಗಿಲನ್ನೂ ದಾಟಲಿಲ್ಲ. ಭಾವನ ಕಳ್ಳ ಹಳ್ಳಕ್ಕೆ ಬಿದ್ದ. ಅವನನ್ನು ಎತ್ತಲು ಹೋದ ನನಗೆ ಮೇಲಿನಿಂದ ಬಾಣ ಬಿದ್ದವು. ಇದ್ದ ಔಷಧಿ ಬುಡ್ಡಿಗಳೆಲ್ಲ ಒಂದೇ ಸಂಜೆಗೆ ಖಾಲಿಯಾದವು. ತೆವಳಿಕೊಂಡು ಬೆಟ್ಟ ಇಳಿದೆವು.

"ಹಿಂಗಾದ್ರೆ ಮುಂದಿನ ವಾರ ಇಬ್ರೂ ಸಾಯ್ತೀರ," ಎಂದಳು ಅಕ್ಕ. "ಯಾರಾದ್ರೂ ಒಬ್ರು ಪೂಜಾರಿ ಕಸುಬು ಹಿಡೀಲೇಬೇಕು."

ಭಾವ ನಕ್ಕರು. "ನಾನು ಕಳ್ಳ. ದೇವಸ್ಥಾನದ ಹುಂಡೀನೇ ಒಡೆದೋನು. ನನ್ನ ಪ್ರಾರ್ಥನೆ ಯಾವ ದೇವರು ಕೇಳ್ತಾನೆ?"

ಉಳಿದವನು ನಾನು. ನನಗೆ ಅದು ಸುಲಭವಾಗಿರಲಿಲ್ಲ. ಹಿಂದಿನ ಸಾಹಸಕ್ಕೆ ಸಿಕ್ಕ ಮೆಟ್ಟಿಲನ್ನು ನಾನಿನ್ನೂ ಹತ್ತಿರಲಿಲ್ಲ. ಅದನ್ನು ಹತ್ತಿದ್ದರೆ ಯೋಧನಿಗೆ ಮೂರನೇ ಏಟು ಸಿಗುತ್ತಿತ್ತು. ಅಂದರೆ ಎದುರಾಳಿ ಒಂದು ಸಲ ಕೈ ಎತ್ತುವಷ್ಟರಲ್ಲಿ ನಾನು ಮೂರು ಸಲ ಹೊಡೆಯಬಹುದು. ಅದಕ್ಕಾಗಿಯೇ ನಾನು ಅಷ್ಟು ವರ್ಷ ಬೇರೆ ಯಾವ ಕಸುಬನ್ನೂ ಮುಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಕೂತು ಅಳತೆ ನೋಡುವಾಗಲೂ ಆ ಮೂರನೇ ಏಟನ್ನು ಎಲ್ಲಿ ಹೇಗೆ ಬಳಸುವುದು ಎಂದು ಲೆಕ್ಕ ಹಾಕಿದವನು ನಾನು. ಈಗ ಆ ಮೆಟ್ಟಿಲನ್ನು ಪ್ರಾರ್ಥನೆಗೆ ಕೊಡಬೇಕು. ಕೊಟ್ಟರೆ ಜುಲೈ ಒಳಗೆ ಮೂರನೇ ಏಟು ಸಿಗುವುದಿಲ್ಲ. ಅದು ಸಿಗದೆಯೇ ಕಥೆ ಮುಗಿಯುತ್ತದೆ.

ಮುಂದಿನ ಭಾನುವಾರ ನನ್ನ ಯೋಧ ಬೆಟ್ಟದ ಬುಡದಲ್ಲಿದ್ದ ಒಂದು ಪಾಳು ಗುಡಿಯ ಮುಂದೆ ಕತ್ತಿ ಇಟ್ಟು ಕೂತ. "ಏನ್ ಬೇಡ್ಕೊಂತೀಯ?" ಎಂದು ಅಕ್ಕ ಕೇಳಿದಳು. ಮನೆಯಲ್ಲಿ ಅಮ್ಮ ದೀಪ ಹಚ್ಚುವಾಗ ಅನ್ನುವುದನ್ನೇ ಅಂದೆ. "ಎಲ್ರನ್ನೂ ಚೆನ್ನಾಗಿಡಪ್ಪ." "ಆಯ್ತು, ಕೇಳಿಸ್ಕೊಂಡ," ಎಂದಳು ಅಕ್ಕ.

ನಾನು ಪೂಜಾರಿ ಕಸುಬು ಹಿಡಿದ ಸುದ್ದಿ ಗೆಳೆಯನಿಗೆ ಹೋಯಿತು. ಭಾವ ಯಾವುದೋ ಫೋನಿನಲ್ಲಿ ಮಾತಿಗೆ ಮಾತು ಬಂದು ಹೇಳಿಬಿಟ್ಟಿದ್ದರು. ಮರುದಿನ ನಾನು ಶಿಫ್ಟ್ ಮುಗಿಸಿ ಕಾರ್ಖಾನೆಯ ಬಸ್ಸಿನಲ್ಲಿ ಕೂತಿದ್ದಾಗ ಅವನ ಫೋನು ಬಂತು. ಹಿಂದೆ ಲಾರಿಯ ಹಾರನ್, ಜನರ ಕೂಗು.

"ಏಮಿರಾ," ಎಂದ ತೆಲುಗಿನಲ್ಲಿ. ಅವನು ತೆಲುಗಿಗೆ ಇಳಿದನೆಂದರೆ ಒಂದೋ ಖುಷಿ, ಇಲ್ಲ ಸಿಟ್ಟು. "ನನ್ನ ಕೆಲ್ಸ ನೀನೇ ಮಾಡ್ತಾ ಇದೀಯಂತೆ?"

"ಹಂಗಲ್ಲ ಕಣೋ..."

"ಇಷ್ಟ್ ವರ್ಷ ನಿಲ್ಸಿದ್ರಲ್ಲ, ಈ ವರ್ಷ ಏನ್ ಬಂತು? ಎರಡು ತಿಂಗ್ಳು ಕಾಯಕ್ಕಾಗಲ್ವಾ? ನಾನ್ ಬ್ಯಾಡ ಅಂದ್ರೆ ಬ್ಯಾಡ ಅಂತ ಹೇಳ್ರಿ."

ಕಾರಣ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ದೊಡ್ಡಮ್ಮನ ಮುಖ ಕಣ್ಣಿಗೆ ಬಂತು. ಅದಕ್ಕಿಂತ ಹೆಚ್ಚಾಗಿ, ಹಿಂದಿನ ಸಲ ಆಸ್ಪತ್ರೆಯಿಂದ ಬಂದ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದು ಕಣ್ಣಿಗೆ ಬಂತು. "ಭಾನುವಾರ ಅಲ್ಲಿಗೇ ಬರ್ತೀನಿ, ಮಾತಾಡಣ," ಎಂದೆ. ಅವನು ಫೋನಿಟ್ಟ.

ಆ ಭಾನುವಾರ ಆಟ ಬಿಟ್ಟು, ಕೋಲಾರದಿಂದ ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಹೋದೆ. ಜೂನ್ ಶುರುವಾಗಿತ್ತು. ಮಂಡಿಯ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು ನಿಂತಿದ್ದವು. ಒಳಗೆ ಭತ್ತದ ಹುಲ್ಲು ಹಾಸಿ ಬಾದಾಮಿ ಒಂದು ಕಡೆ, ರಸಪುರಿ ಒಂದು ಕಡೆ, ತೋತಾಪುರಿ ಗುಡ್ಡದ ಹಾಗೆ ಇನ್ನೊಂದು ಕಡೆ ಸುರಿದಿದ್ದರು. ಗೆಳೆಯ ಕ್ರೇಟಿನ ಮೇಲೆ ನಿಂತು ಒಂದು ರಾಶಿಗೆ ಹರಾಜು ಕೂಗುತ್ತಿದ್ದ. ನನ್ನನ್ನು ನೋಡಿದ, ನೋಡದವನ ಹಾಗೆ ಕೂಗು ಮುಂದುವರಿಸಿದ. ರಾಶಿ ಹೋದ ಮೇಲೆ ಇಳಿದು ಬಂದು, ಟೀ ತರಿಸಿ, ಒಂದು ಕ್ರೇಟ್ ಮಗುಚಿ ನನ್ನ ಕಡೆ ತಳ್ಳಿದ.

"ಕೂತ್ಕೊ. ಏನ್ಲಾ ಅಷ್ಟು ಅರ್ಜೆಂಟು ನಿಮ್ಗೆ?"

"ಅದನ್ನ ನೀನು ಅಕ್ಕನ್ನೇ ಕೇಳ್ಬೇಕು."

"ನೀನ್ ಹೇಳಲ್ವಾ?"

"ಹೇಳಂಗಿಲ್ಲ ಕಣೋ. ನಿನ್ ಮೇಲೆ ಏನೂ ಇಲ್ಲ. ಅಷ್ಟು ಮಾತ್ರ ನಂಬು."

ಅವನು ಟೀ ಕುಡಿಯುತ್ತ ನನ್ನ ಮುಖವನ್ನೇ ನೋಡಿದ. ದಿನಾ ಮುಖ ನೋಡಿಯೇ ವ್ಯಾಪಾರ ಮಾಡುವವನು. ನಂಬಿದನೋ, ಇನ್ನು ಇವನಿಂದ ಏನೂ ಹೊರಡುವುದಿಲ್ಲ ಎಂದು ಬಿಟ್ಟನೋ ಗೊತ್ತಿಲ್ಲ. ಲೋಟ ಕೆಳಗಿಟ್ಟು, "ಹೋದ ವಾರ ಯಾರ್ಗೆ ವಾಸಿ ಮಾಡ್ದೆ?" ಎಂದ.

ಹೇಳಿದೆ. ಭಾವನ ತೋಳಿಗೆ ಕತ್ತಿ ತಗುಲಿತು, ತಕ್ಷಣ ಪ್ರಾರ್ಥನೆ ಮಾಡಿದೆ. ಮತ್ತೆ ತಗುಲಿತು, ಮತ್ತೆ ಮಾಡಿದೆ. ಆಮೇಲೆ ಭಾವ ನಿಜವಾಗಿ ಬಿದ್ದಾಗ ನನ್ನ ಹತ್ತಿರ ಪ್ರಾರ್ಥನೆಯೇ ಉಳಿದಿರಲಿಲ್ಲ.

ಅವನು ಹಣೆ ಚಚ್ಚಿಕೊಂಡ. "ನಿಂತಿರೋನ್ಗೆ ಯಾಕೋ ಮಾಡ್ದೆ? ನಿಂತಿರೋನು ಹೊಡೀತಾ ಇರ್ತಾನೆ, ಬಿಡು. ಬಿದ್ದೋನ್ನ ಎಬ್ಸು. ನಿಂದು ಸಣ್ಣ ಪ್ರಾರ್ಥನೆ. ನಂದಷ್ಟು ಗಾಯ ಅದು ಮುಚ್ಚಲ್ಲ. ಆದ್ರೆ ಎಬ್ಸಕ್ಕೆ ಸಣ್ಣದೂ ಸಾಕು, ದೊಡ್ಡದೂ ಸಾಕು. ಎದ್ದೋನು ಎದ್ದೋನೇ."

ಅಷ್ಟರಲ್ಲಿ ಯಾರೋ ಕರೆದರು. ಹೋಗಿ ಇನ್ನೊಂದು ರಾಶಿ ಕೂಗಿ ಬಂದ. ಹೀಗೆ ಮಧ್ಯಾಹ್ನವಿಡೀ, ರಾಶಿ ರಾಶಿಯ ನಡುವೆ, ನನಗೆ ಪೂಜಾರಿ ಕಸುಬು ಹೇಳಿಕೊಟ್ಟ. ಎಲ್ಲಿ ನಿಲ್ಲಬೇಕು, ಯಾರ ಮೇಲೆ ಕಣ್ಣಿಟ್ಟಿರಬೇಕು, ಯಾವ ಪ್ರಾರ್ಥನೆಯನ್ನು ಕೊನೆಯವರೆಗೂ ಕೈಲಿ ಉಳಿಸಿಕೊಳ್ಳಬೇಕು ಎಂದೆಲ್ಲ. ಅವನ ಮನಸ್ಸು ಮುರಿದಿತ್ತು ಎಂಬುದು ನನಗೆ ಗೊತ್ತಿತ್ತು. ಮುರಿದ ಮನಸ್ಸಿಟ್ಟುಕೊಂಡೇ ಅಷ್ಟನ್ನೂ ಹೇಳಿಕೊಟ್ಟ. ಬಸ್ ಸ್ಟ್ಯಾಂಡಿಗೆ ಬರುವಾಗ ನನಗೆ ಒಂದು ಥರಾ ಸಂಕಟವಾಯಿತು.

ನೇರ ಅಕ್ಕನ ಮನೆಗೆ ಹೋಗಿ, ಆದದ್ದು ಹೇಳಿದೆ. ಮಗಳ ಜೊತೆಗಿರಲು ಊರಿನಿಂದ ಬಂದಿದ್ದ ದೊಡ್ಡಮ್ಮ ಅಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಅಕ್ಕ ಅಮ್ಮನ ಕಡೆ ನೋಡಲೂ ಇಲ್ಲ. ಫೋನ್ ತೆಗೆದು ವರಾಂಡಕ್ಕೆ ಹೋದಳು. ಎರಡು ನಿಮಿಷದ ಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದಳು. ಆ ಕಡೆಯಿಂದ ಬಂದ ಗಂಟಲು ನಮಗೆಲ್ಲ ಕೇಳಿಸಿತು.

"ಅಕ್ಕಾ! ಇದನ್ನ ಮೊದ್ಲೇ ಹೇಳಕ್ಕಾಗ್ಲಿಲ್ವಾ? ನಾನು ಏನೇನೋ ಅಂದ್ಕೊಂಡ್ನಲ್ಲ!"

ದೊಡ್ಡಮ್ಮ ಹುರುಳಿಕಾಯಿಯಿಂದ ತಲೆ ಎತ್ತದೆ, "ಇನ್ನು ಶ್ರೀನಿವಾಸಪುರಕ್ಕೆಲ್ಲ ಗೊತ್ತಾಯ್ತು ಬಿಡು," ಎಂದರು. ಎರಡು ದಿನದಲ್ಲಿ ಒಂದು ಕ್ರೇಟ್ ಬಾದಾಮಿ ಬಂತು. ಹೊಟ್ಟೆಯಲ್ಲಿ ಕೂಸಿರುವಾಗ ಮಾವು ಉಷ್ಣ ಎಂದು ದೊಡ್ಡಮ್ಮ ಮಗಳಿಗೆ ದಿನಕ್ಕೊಂದು ಹೋಳಿಗಿಂತ ಹೆಚ್ಚು ಕೊಡಲಿಲ್ಲ. ಡಾಕ್ಟರು ಹಾಗೇನಿಲ್ಲ ಎಂದರೂ ಕೇಳಲಿಲ್ಲ. ಉಳಿದದ್ದನ್ನು ಭಾವನೂ ನಾನೂ ತಿಂದೆವು.

ಜೂನ್ ಪೂರ್ತಿ ಇಬ್ಬರೇ ಕೋಟೆ ಹತ್ತಿದೆವು. ಒಂದು ಬಾಗಿಲು, ಒಂದು ಬುರುಜು, ಒಂದು ಕೊಳ. ಆಟ ನಿಧಾನವಾಯಿತು. ಮೊದಲು ನಾನು ಎದುರಿಗಿರುವವನನ್ನು ಬಿಟ್ಟು ಇನ್ನೇನನ್ನೂ ನೋಡುತ್ತಿರಲಿಲ್ಲ. ಈಗ ಒಂದು ಕಣ್ಣು ಭಾವನ ಮೇಲಿರಬೇಕಿತ್ತು. ಅವರು ಎಷ್ಟು ಸಲ ಸಾವಿನ ಅಂಚಿಗೆ ಹೋಗಿ ಬರುತ್ತಿದ್ದರು ಎಂಬುದು ನನಗೆ ಗೊತ್ತಾಗಿದ್ದೇ ಆಗ. ಆ ಲೆಕ್ಕವನ್ನೆಲ್ಲ ಅಷ್ಟು ವರ್ಷ ಇನ್ನೊಬ್ಬ ಹೊತ್ತಿದ್ದ. ಹಾಗೆಂದು ನನಗೆ ಹೊಸ ಕಸುಬು ಹಿಡಿಸಿತು ಎಂದು ಹೇಳಲಾರೆ. ಹೊಡೆಯಬೇಕಾದ ಕಡೆ ಹೊಡೆಯದೆ ಹಿಂದೆ ತಿರುಗಿದಾಗೆಲ್ಲ ಕೈ ಕಟ್ಟಿದ ಹಾಗಾಗುತ್ತಿತ್ತು. ನನ್ನ ಪ್ರಾರ್ಥನೆ ಚಿಕ್ಕದು, ನನ್ನ ಕತ್ತಿಯೂ ಇದ್ದಲ್ಲೇ ಇತ್ತು. ಆದರೆ ಇಬ್ಬರೂ ಸಾಯಲಿಲ್ಲ.

ಜುಲೈ ಕೊನೆಯ ಭಾನುವಾರ ಗೆಳೆಯ ಮಂಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದ. ಅಂಗಿಗೆ ಮಾವಿನ ಸೊನೆಯ ಕಲೆ ಹಾಗೇ ಇತ್ತು. ಅಕ್ಕ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ದಿವಾನದ ಮೇಲೆ ಕೂತಿದ್ದಳು. ಬರದವರು ಮೆಟ್ಟಿಲು ಹತ್ತುವುದಿಲ್ಲ ಎಂಬುದು ಅವಳ ನಿಯಮ. ಅದಕ್ಕೇ ಅವನ ಪೂಜಾರಿ ಏಪ್ರಿಲ್‌ನಲ್ಲಿ ಎಲ್ಲಿದ್ದನೋ ಅಲ್ಲೇ ಇದ್ದ. ಆದರೆ ಹೋಗುವ ಮುಂಚೆ ಅವನಿಗೆ ಒಂದು ದೊಡ್ಡ ಪ್ರಾರ್ಥನೆ ಸಿಕ್ಕಿತ್ತು. ಸತ್ತ ಮೇಲೂ ಹೋಗದವರನ್ನು ಕಳಿಸಿಕೊಡುವ ಪ್ರಾರ್ಥನೆ ಅದು. ಆ ಕಸುಬನ್ನೇ ಹಿಡಿದು ಮೇಲಿನವರೆಗೆ ಹೋದವರಿಗೆ ಮಾತ್ರ ಸಿಗುವಂಥದ್ದು. ಅದನ್ನು ಅವನು ಎರಡೇ ಸಲ ಮಾಡಬಹುದಿತ್ತು.

ಕೋಟೆಯ ತುದಿಯ ಹಜಾರದಲ್ಲಿ ಪಾಳೇಗಾರ ಎದ್ದು ನಿಂತ. ಗೆಳೆಯ ಮೊದಲೇ ದೊಡ್ಡ ಪ್ರಾರ್ಥನೆ ಮಾಡಿದ. ದಾಳದಲ್ಲಿ ಮೂರು ಬಿತ್ತು. ಏನೂ ಆಗಲಿಲ್ಲ. ನಾನು ನುಗ್ಗಿದೆ, ಭಾವ ಹಿಂದಿನಿಂದ ಚೂರಿ ಹಾಕಿದರು. ಹೊಡೆದಾಟ ಬಹಳ ಹೊತ್ತು ನಡೆಯಿತು. ಮಧ್ಯೆ ದೊಡ್ಡಮ್ಮ ಅಕ್ಕನಿಗೆ ಹಾಲು ತಂದುಕೊಟ್ಟು, "ಇನ್ನೂ ಸತ್ತಿಲ್ವಾ ಅವ್ನು?" ಎಂದು ಕೇಳಿ ಒಳಗೆ ಹೋದರು. ಮೊದಲು ಭಾವ ಬಿದ್ದರು, ಹಜಾರದ ಆ ತುದಿಯಲ್ಲಿ. ಗೆಳೆಯ ಅವರ ಕಡೆ ಓಡುವಾಗ ಪಾಳೇಗಾರ ಅವನನ್ನೂ ಬೀಳಿಸಿದ. ಉಳಿದವನು ನಾನೊಬ್ಬ.

"ಏನ್ ಮಾಡ್ತೀಯ?" ಎಂದಳು ಅಕ್ಕ.

ಪಾಳೇಗಾರ ಸುಸ್ತಾಗಿದ್ದಾನೆ ಎಂದು ಅವಳ ಮಾತಿನಲ್ಲೇ ತಿಳಿದಿತ್ತು. ಎರಡು ಏಟು ಹೊಡೆಯಬಹುದಿತ್ತು. ಎರಡಕ್ಕೆ ಸಾಯದಿದ್ದರೆ ಅವನ ಸರದಿ, ಆಮೇಲೆ ನಾವು ಯಾರೂ ಇರುವುದಿಲ್ಲ. ಇನ್ನೊಂದು ದಾರಿ, ಉಳಿಸಿಕೊಂಡಿದ್ದ ಒಂದು ಸಣ್ಣ ಪ್ರಾರ್ಥನೆ. ಗೆಳೆಯ ಏನೂ ಹೇಳಲಿಲ್ಲ. ಬಿದ್ದವನು ಮಾತಾಡುವ ಹಾಗಿಲ್ಲ, ಅದೂ ಅಕ್ಕನ ನಿಯಮ. ಜೀವಮಾನದಲ್ಲಿ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

"ಕತ್ತಿ ಬಿಟ್ಟು ಇವನನ್ನ ಎಬ್ಬಿಸ್ತೀನಿ," ಎಂದೆ.

ಗೆಳೆಯ ಎದ್ದ. ಅವನ ಸರದಿ ಪಾಳೇಗಾರನಿಗಿಂತ ಮುಂಚೆ ಇತ್ತು. ಎರಡನೇ ಸಲ, ಕೊನೆಯ ಸಲ, ದೊಡ್ಡ ಪ್ರಾರ್ಥನೆ ಮಾಡಿ ದಾಳ ಉರುಳಿಸಿದ. ಹದಿನೇಳು. ಮಂಡಿಯ ಗಂಟಲೆಲ್ಲ ಆಗ ಹೊರಗೆ ಬಂತು. ದೊಡ್ಡಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. ಅಕ್ಕ ಕಣ್ಣೊರೆಸಿಕೊಳ್ಳುತ್ತ, ಹಜಾರದ ಕಿಟಕಿಗಳಲ್ಲಿ ಬೆಳಕು ಬಂದದ್ದನ್ನೂ ಪಾಳೇಗಾರ ಪೇಟ ತೆಗೆದು ನಮಗೆ ಕೈ ಮುಗಿದು ಹೋದದ್ದನ್ನೂ ಹೇಳಿ ಮುಗಿಸಿದಳು.

ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿದೆ, ಪಾಳೇಗಾರನಿಗೆ ಇನ್ನೆಷ್ಟು ಜೀವ ಉಳಿದಿತ್ತು ಎಂದು.

ಅಕ್ಕ ಮುದ್ದೆ ಮುರಿಯುತ್ತ ಯೋಚಿಸಿದಳು. "ನಿಜ ಹೇಳ್ಲಾ? ನಿಂಗೆ ಮೂರನೇ ಏಟು ಇದ್ದಿದ್ರೆ ಇವರಿಬ್ರೂ ಬೀಳಕ್ಕೆ ಮುಂಚೇನೇ ಮುಗಿದು ಹೋಗ್ತಿತ್ತು."

ಗೆಳೆಯ ಸಾರು ಬಡಿಸಿಕೊಂಡು, "ಮೂರನೇ ಏಟು ಅಂತ ಕೂತಿದ್ರೆ ಇವ್ನು ಜೂನ್‌ನಲ್ಲೇ ಹೋಗ್ತಿದ್ದ ಬಿಡಕ್ಕ," ಎಂದ. ಎರಡೂ ನಿಜ. ನನಗೆ ಎರಡೂ ಒಟ್ಟಿಗೆ ಹೊಟ್ಟೆಗಿಳಿಯಲಿಲ್ಲ. ಆ ರಾತ್ರಿ ಮನೆಗೆ ಹೋದ ಮೇಲೂ, ಆಮೇಲಿನ ಕೆಲವು ದಿನ ಕಾರ್ಖಾನೆಯಲ್ಲೂ, ಸಿಗದೇ ಹೋದ ಆ ಏಟನ್ನು ನೆನೆದು ಸಣ್ಣಗೆ ಬೇಜಾರಾಗುತ್ತಿತ್ತು. ಅದು ಸುಳ್ಳು ಕತ್ತಿಯ ಸುಳ್ಳು ಏಟು ಎಂದು ಗೊತ್ತಿದ್ದರೂ ಆಗುತ್ತಿತ್ತು.

ಮುಂದಿನ ವಾರ ಸೀಮಂತವಾಯಿತು. ಅಕ್ಟೋಬರಿನಲ್ಲಿ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಚೆನ್ನಾಗಿದ್ದರು. ಅಕ್ಕ ಅಂದುಕೊಂಡ ಹಾಗೆ ವರ್ಷಗಟ್ಟಲೆ ಆಟ ನಿಲ್ಲಲಿಲ್ಲ. ಬಾಣಂತನ ಮುಗಿದ ಮೇಲೆ ಅವಳೇ ನಮ್ಮನ್ನು ಕರೆದು, ಕಥೆ ನಡೆಸುವ ಚೈತನ್ಯ ಈಗ ಇಲ್ಲ, ಆದರೆ ಆಡುವೆ ಎಂದಳು. ಕಥೆ ನಡೆಸಲು ಗೆಳೆಯ ಒಪ್ಪಿಕೊಂಡ. ಮಾವು ಹೂ ಬಿಡುವ ಹೊತ್ತಿಗೆ ನಾವು ಕ್ಯಾಲನೂರಿನ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಹೊಸ ಕಥೆಗೆ ಕೂತೆವು.

"ಯಾರ್ಯಾರಿಗೆ ಯಾವ್ಯಾವ ಕಸುಬು?" ಎಂದು ಅವನು ಕೇಳಿದ. ಭಾವ ಮತ್ತೆ ಕಳ್ಳನೇ ಆದರು. ಅಕ್ಕ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಯೋಧೆಯಾಗುತ್ತೇನೆ ಎಂದಳು. ನಾನು ಮಂತ್ರವಾದಿಯನ್ನು ಆರಿಸಿಕೊಂಡೆ. ಒಂದೇ ಕಸುಬಿನಲ್ಲಿ ಕೊನೆಯವರೆಗೂ ಹೋಗುವುದು ಹೇಗಿರುತ್ತದೆ ಎಂದು ಒಂದು ಸಲವಾದರೂ ನೋಡಬೇಕೆಂಬ ಆಸೆ ನನ್ನಲ್ಲಿ ಹಾಗೇ ಉಳಿದಿತ್ತು. ಆ ಮಾತನ್ನು ಗೆಳೆಯನಿಗೆ ಹೇಳಿಯೂ ಹೇಳಿದೆ. ಅವನು, "ನೋಡಣ," ಎಂದು ಕಥೆ ಶುರು ಮಾಡಿದ.